ವಾರಿಜಳ ಕೊರಳಿಗೆ ಉಚ್ಚಾರ ಯಂತ್ರ

ನಮ್ಮೆಜಮಾನರು ಹೊಸ ಯಂತ್ರ ಮಾಡಿದಾಗಲೆಲ್ಲ ಮನೆಯಲ್ಲಿ ಏನು ಕಾಣೆಯಾಗಿದೆ ಅಂತ ನಾನು ಮೊದಲು ನೋಡ್ಕೋತೀನಿ. ಈ ಸಲ ಅತ್ತೆಯವರ ರೇಡಿಯೊ.

“ಉಚ್ಚಾರ ಯಂತ್ರ!” ಅಂತ ಸೋಪಿನ ಡಬ್ಬಿಯಷ್ಟಿದ್ದ ಪೆಟ್ಟಿಗೆಯೊಂದನ್ನು ತಂಗಿಯ ಕೊರಳಿಗೆ ತಂತಿಪಟ್ಟಿಯಲ್ಲಿ ಬಿಗಿದರು. “ತಪ್ಪು ಹೇಳಿದರೆ ಮೂಗಿಗೆ ತರಂಗ ಬಿಡುತ್ತೆ, ಸೀನು ಬರುತ್ತೆ. ಈಗ ನನ್ನ ನೋಡಿ. ಆಪ್ಟಮಾಲಜಿಷ್ಟು. ಸೀನು ಬಂತಾ? ಇಲ್ಲ.”

ವಾರಿಜ ನನ್ನ ನಾದಿನಿ. ನಲವತ್ತೆರಡನೇ ವಯಸ್ಸಿಗೆ ಮೊದಲ ಸಲ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಕಣ್ಣಾಸ್ಪತ್ರೆಯಲ್ಲಿ ರಿಸೆಪ್ಷನಿಸ್ಟು. ಹನ್ನೊಂದಕ್ಕೆ ಇಂಟರ್‌ವ್ಯೂ. ಫೋನೆತ್ತಿದವರು ಕಣ್ಣಿನ ಡಾಕ್ಟರಿಗೆ ‘ಆಫ್ತಲ್ಮಾಲಜಿಸ್ಟ್’ ಅಂತ ಸ್ಪಷ್ಟವಾಗಿ ಹೇಳಬೇಕು, ನಾಲಿಗೆ ಹೊರಳದಿದ್ದರೆ ಬರಲೇಬೇಡಿ ಅಂತ ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದರು. ಪಾಪ, ಒಂದು ವಾರದಿಂದ ಅನ್ನ ಬಸಿಯುವಾಗಲೂ ಅದನ್ನೇ ಗೊಣಗುತ್ತಿದ್ದಳು.

“ಆಫ್ತಲ್ಮಾಲಜಿಸ್ಟ್,” ಅಂದಳು. “ಆಕ್ಷೀ!”

ಒಳಗಿಂದ ಅತ್ತೆ ಬಂದರು. “ಹೊರಡೋ ಹೊತ್ತಲ್ಲಿ ಒಂಟಿ ಸೀನು. ಕೂತ್ಕೊಂಡು ನೀರು ಕುಡಿ, ಆಮೇಲೆ ಏಳು.”

ಕೂತಳು, ಕುಡಿದಳು, ಎದ್ದಳು. ಹೊಸ್ತಿಲ ಹತ್ತಿರ ಇನ್ನೊಂದು ಸಲ ಹೇಳಿ ನೋಡೋಣ ಅಂತ ಬಾಯಿಬಿಟ್ಟಳು, ಸೀನಿದಳು. ಮತ್ತೆ ಕೂತಳು. ಹತ್ತೂವರೆ ಹೊತ್ತಿಗೆ ಐದು ಲೋಟ ನೀರು ಹೊಟ್ಟೆ ಸೇರಿತ್ತು, ಹೊಸ್ತಿಲು ಮಾತ್ರ ದಾಟಿರಲಿಲ್ಲ.

“ರೀ, ಬಿಚ್ಚಿ ಅದನ್ನ.”

“ಸರಿಯಾಗಿ ಹೇಳೋವರೆಗೂ ಪಟ್ಟಿ ಬಿಚ್ಚಿಕೊಳ್ಳಲ್ಲ ಕಣೇ.”

“ಹಾಗಾದ್ರೆ ಎರಡು ಸೀನು ಬರೋ ಹಾಗಾದ್ರೂ ಮಾಡಿ. ಜೋಡಿ ಸೀನಾದ್ರೆ ನಿಮ್ಮಮ್ಮ ಬಿಡ್ತಾರೆ.”

ಸ್ಕ್ರೂಡ್ರೈವರ್ ತಂದು ಏನೋ ತಿರುಗಿಸಿದರು. ಸೀನು ಎರಡಾಗಲಿಲ್ಲ, ಸೀನುವವರು ಜಾಸ್ತಿಯಾದರು. “ಎಂಥ ಹಾಳು ಪದವೋ, ಆಪ್ತ... ಮಾಲೆ...” ಅಂದ ಅತ್ತೆಯವರೇ ಸೀನಿ, ತಮ್ಮ ಶಾಸ್ತ್ರಕ್ಕೆ ತಾವೇ ಕೂತರು. ಬಾಗಿಲಿಗೆ ಬಂದ ಆಟೋ ಜವರಯ್ಯ “ಯಾವ ಡಾಕ್ಟ್ರಕ್ಕಾ? ಆಪ್ತಲ್...” ಅಂತ ಕೇಳೋಕೆ ಹೋಗಿ ಸೀನಿ, ಇಂಜಿನ್ ಆರಿಸಿದ. “ಒಂಟಿ ಸೀನಿಗೆ ನಾನು ಗಾಡಿ ಎತ್ತಲ್ಲ ಕಣಕ್ಕ.”

ನನಗೆ ರೇಗಿಹೋಯ್ತು. ವಾರಿಜಳ ಕೈ ಹಿಡಿದು ದರದರ ಎಳ್ಕೊಂಡು ನಡೆದೇ ಹೊರಟೆ. ಪೆಟ್ಟಿಗೆ ಕಾಣದಂತೆ ಅವಳು ಸೆರಗು ಹೊದ್ದುಕೊಂಡಳು.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ “ಎಲ್ಲಿ, ಹೇಳಿ” ಅಂದರು. ವಾರಿಜ ಹೇಳಿದಳು, ಸೀನಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. “ಇಷ್ಟು ಕಷ್ಟಪಟ್ಟರೂ ನನಗೆ ಬರಲೇ ಇಲ್ಲ ಅತ್ತಿಗೆ,” ಅಂದಾಗ ನನಗೂ ಸಂಕಟವಾಯ್ತು.

“ಯಾಕ್ರೀ, ಸರಿಯಾಗೇ ಹೇಳಿದ್ರಲ್ಲ. ನಾನೂ ಹೀಗೇ ಹೇಳೋದು. ಆಫ್ತಲ್ಮಾಲಜಿಸ್ಟ್,” ಅಂದ ಡಾಕ್ಟರಮ್ಮನೂ ಆಕ್ಷೀ ಅಂದರು.

ಆಗ ನನ್ನ ತಲೆಗೆ ಹೊಳೆಯಿತು. ಯಂತ್ರಕ್ಕೆ ಪಾಠ ಹೇಳಿದ ಮೇಷ್ಟ್ರು ನಮ್ಮೆಜಮಾನರು! ಅವರ ಆಪ್ಟಮಾಲಜಿಷ್ಟೇ ಅದಕ್ಕೆ ಸರಿ, ಮಿಕ್ಕವರದೆಲ್ಲ ತಪ್ಪು. ಸೆರಗು ಸರಿಸಿ ಎಲ್ಲ ಹೇಳಿದೆ. ಡಾಕ್ಟರಮ್ಮ ಹೊಟ್ಟೆ ಹಿಡ್ಕೊಂಡು ನಕ್ಕರು, ನೇಮಕದ ಪತ್ರ ತೆಗೆದರು, ಪೆನ್ನು ಬಿಚ್ಚಿದರು. ಬಿಚ್ಚಿದವರು ಹಾಗೇ ನಿಲ್ಲಿಸಿಬಿಟ್ಟರು.

“ನಂದು ಒಂಟಿ ಸೀನಾಯ್ತಲ್ಲ,” ಅಂದರು ಮೆಲ್ಲಗೆ.

ಗೋಡೆಯ ಮೇಲೆ ನಾಲ್ಕು ಡಿಗ್ರಿ ಸರ್ಟಿಫಿಕೇಟು, ಅದರಲ್ಲೊಂದು ಲಂಡನ್ನಿನದು. ಕೆಲಸ ಹೋಯ್ತು ಅಂತಲೇ ವಾರಿಜ ತಲೆ ತಗ್ಗಿಸಿದಳು. ಡಾಕ್ಟರಮ್ಮ ಸ್ವಲ್ಪ ಯೋಚಿಸಿ, ಎದ್ದು ಬಂದು ಅವಳ ಕೊರಳ ಹತ್ತಿರ ಬಗ್ಗಿ, “ಆಫ್ತಲ್ಮಾಲಜಿಸ್ಟ್” ಅಂದರು. ಸೀನಿದರು. “ಹಾಂ, ಜೋಡಿಯಾಯ್ತು,” ಅಂತ ಸಹಿ ಹಾಕಿದರು.

ಈಗ ಪಟ್ಟಿ ಬಿಚ್ಚಬೇಕಾದರೆ ವಾರಿಜ ತನ್ನಣ್ಣನ ಹಾಗೆ ತಪ್ಪಾಗಿ ಹೇಳಬೇಕು. ಸಂಜೆಯಿಂದ ಪ್ರಯತ್ನ ಪಡ್ತಿದ್ದಾಳೆ, ಏನು ಮಾಡಿದರೂ ಸರಿಯಾಗೇ ಬರುತ್ತೆ. ತಂಗಿಗೆ ಕೆಲಸ ಕೊಡಿಸಿದ್ದು ತಮ್ಮ ಯಂತ್ರವೇ ಅಂತ ಯಜಮಾನರು ಬೀದಿಗೆಲ್ಲ ಸಾರಿಕೊಂಡು ಬರ್ತಿದ್ದಾರೆ. ನಾನು ಕಟಿಂಗ್ ಪ್ಲೇಯರ್ ಹುಡುಕ್ತಿದ್ದೀನಿ.