ಸ್ಪಾಟಿಂಗ್ ಸ್ಕೋಪಿನ ಅತಿಯಾದ ಸತ್ಯನಿಷ್ಠೆಯ ಬಗ್ಗೆ

ಮೂರು ಕಾಲಿನ ಮೇಲೆ ಸದಾ ಸ್ಥಿರಚಿತ್ತರಾಗಿ ನಿಂತು ದೂರದ ಗುರಿಹಲಗೆಯನ್ನು ಹತ್ತಿರ ತೋರಿಸುವ ಮಾನ್ಯ ಸ್ಪಾಟಿಂಗ್ ಸ್ಕೋಪ್‌ರವರಿಗೆ, ಅಜ್ಜಂಪುರದ ಬಂದೂಕು ಗೆಳೆಯರ ಕೂಟದ ಹಿರಿಯ ಸದಸ್ಯ ತೀರ್ಥಪ್ಪ ಮಾಡುವ ಸವಿನಯ ವಂದನೆಗಳು.

ಮಾನ್ಯರೇ, ತಮ್ಮನ್ನು ಆರಿಸಿ ತಂದವನು ನಾನೇ ಎಂಬುದನ್ನು ಮೊದಲು ನೆನಪಿಸಬೇಕಾಗಿದೆ. ಅರವತ್ತು ಪಟ್ಟು ದೊಡ್ಡದಾಗಿ ತೋರಿಸುತ್ತೇನೆಂದು ಬೀಗುವ ಅಗ್ಗದ ಕೊಳವೆ ಕೊಂಡರೆ ನಮ್ಮ ಬಯಲಿನ ಬಿಸಿಲ ಝಳವೂ ಅಷ್ಟೇ ಪಟ್ಟು ಕುಣಿಯುತ್ತದೆ, ಮುಂದಿನ ಗಾಜು ಅಗಲವಾಗಿರಲಿ, ಸ್ಟ್ಯಾಂಡು ಗಾಳಿಗೆ ಅಲುಗದಿರಲಿ, ಮುನ್ನೂರು ಮೀಟರ್ ಆಚೆಯ ಕಾಗದದಲ್ಲಿ ತೂತು ಬಿದ್ದ ಕ್ಷಣವೇ ಕಾಣಲಿ ಎಂದು ಸಭೆಯಲ್ಲಿ ಮೇಜು ಗುದ್ದಿ ವಾದಿಸಿದೆ. ಏಕೆಂದರೆ ಎರಡು ವರ್ಷದಿಂದ ನನ್ನ ಹಲಗೆ ಮದುವೆಯ ಪಂಚೆಯಂತೆ ಬೆಳ್ಳಗೇ ಉಳಿದಿತ್ತು. ಯಾರು ಎಷ್ಟು ಗುಂಡು ಹಾರಿಸಿದರೆಂದು ನೋಡದೆ ಹಲಗೆಯಲ್ಲಿನ ಒಳ್ಳೆಯ ತೂತುಗಳನ್ನಷ್ಟೇ ಎಣಿಸುವ ನಮ್ಮ ಕೂಟದಲ್ಲಿ ಪಕ್ಕದ ಹಲಗೆಯ ಕಲ್ಲಪ್ಪನವರು ಎರಡು ಸಲವೂ ಕಪ್ ಹೊತ್ತುಕೊಂಡು ಹೋದರು. ಈ ಸಲ ಗೆದ್ದವರು ಕಡೂರಿನ ಪಂದ್ಯಕ್ಕೆ ಕೂಟದ ಪರವಾಗಿ ಹೋಗುವುದರಿಂದ ನನಗೆ ತಮ್ಮ ನೆರವು ಬೇಕೇ ಬೇಕಿತ್ತು.

ಕಳೆದ ಭಾನುವಾರದ ಅಭ್ಯಾಸಕ್ಕೆ ತಾವು ಹಾಜರಾದಿರಿ. ಎಂದಿನಂತೆ ಬೇವಿನ ಮರದ ನೆರಳಿಗೆ ಸ್ವಲ್ಪ ಸರಿದು ಮಲಗಿ ನಾನು ಗುಂಡು ಹಾರಿಸಿದೆ, ತಮ್ಮೊಳಗೆ ಕಣ್ಣಿಟ್ಟು ಕೂತಿದ್ದ ನನ್ನ ಧರ್ಮಪತ್ನಿ ದಾಕ್ಷಾಯಣಮ್ಮ, "ಗುಂಡೇನೋ ನಡುಮಧ್ಯಕ್ಕೇ ಬಿತ್ತು ಕಣ್ರೀ, ಆದ್ರೆ ಅದು ಕಲ್ಲಪ್ಪಣ್ಣನ ಹಲಗೆ!" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು. ನೆರಳಿನ ಆಸೆಗೆ ಸರಿದವನಿಗೆ ನೇರ ಎದುರಿಗೆ ಕಾಣುತ್ತಿದ್ದುದು ಅವರ ಹಲಗೆ ಎಂಬುದು ಆಗ ಗೊತ್ತಾಯಿತು.

ನಾನು ಒಳ್ಳೆಯ ಗುರಿಕಾರನೆಂಬುದನ್ನೂ ಶುದ್ಧ ಪೆದ್ದನೆಂಬುದನ್ನೂ ಒಂದೇ ನೋಟದಲ್ಲಿ ಸಾಬೀತುಪಡಿಸಿದ ತಮ್ಮ ಪ್ರತಿಭೆಗೆ ಕೈಮುಗಿಯುತ್ತೇನೆ. ನನಗೆ ಬಹಳ ನಾಚಿಕೆಯಾಗಿದೆ, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿದಿದೆ. ಆದಕಾರಣ ತಾವು ದಯಮಾಡಿ ಎರಡು ವರ್ಷದ ಹಿಂದಕ್ಕೂ ಒಮ್ಮೆ ತಿರುಗಿ ನೋಡಿ, ಕಲ್ಲಪ್ಪನವರ ಕಪ್‌ಗಳಲ್ಲಿ ನನ್ನ ಪಾಲೆಷ್ಟೆಂದು ಹೇಳಬೇಕು; ಅದಾಗದಿದ್ದರೆ ಮುಂದಿನ ಭಾನುವಾರದ ಅಂತಿಮ ಸುತ್ತಿನೊಳಗೆ ಆ ಬೇವಿನ ಮರವನ್ನಾದರೂ ನನ್ನ ಹಲಗೆಯ ಎದುರಿಗೆ ಸರಿಸಿಕೊಡಬೇಕು.

ನೆರಳು ಬಿಟ್ಟು ಬಿಸಿಲಲ್ಲಿ ಮಲಗಲು ಸಿದ್ಧನಾಗಿರುವ,
ತಮ್ಮ ವಿಶ್ವಾಸಿ
ತೀರ್ಥಪ್ಪ

ವಿ.ಸೂ.: ತಮ್ಮಲ್ಲಿ ಏನೋ ದೋಷವಿದೆ, ಭಾನುವಾರದೊಳಗೆ ಅಂಗಡಿಗೆ ವಾಪಸ್ ಕಳಿಸಬೇಕು ಎಂದು ಕೂಟಕ್ಕೆ ಒಂದು ಅರ್ಜಿ ಬಂದಿದೆ. ಕೊಟ್ಟವನು ನಾನಲ್ಲ, ಕಲ್ಲಪ್ಪನವರು.