ಕೊಡೆ ಫ್ಯಾಕ್ಟರಿಯ ಬಿಳಿ ಗೆರೆಗಳು

ಸಾಮಾನು ಕೊಂಡು ಮಾರುವವನಿಗೆ ತಲೆನೋವು ಮಾತ್ರ. ತಯಾರಿಸಿ ಮಾರುವವನಿಗೆ ತಲೆನೋವಿನ ಜೊತೆ ದಿನಕ್ಕೊಂದು ನಗುವೂ ಬಿಟ್ಟಿ ಸಿಗುತ್ತದೆ.

ಎಂಬತ್ತರ ದಶಕದ ಆರಂಭದಲ್ಲಿ ಫಳ್ನೀರಿನಲ್ಲಿ ನನ್ನ ಕೊಡೆ ಅಂಗಡಿ, ಶಕ್ತಿನಗರದ ಬದಿಯಲ್ಲಿ ಕೊಡೆ ಫ್ಯಾಕ್ಟರಿ. ಫ್ಯಾಕ್ಟರಿ ಎಂದರೆ ಶೀಟಿನ ಮಾಡು, ಹತ್ತು ಹದಿನೈದು ಹೆಂಗಸರು, ನಾಲ್ಕು ಮೇಜು, ಒಂದು ಬೆಂಚು. ಆ ವರ್ಷ ಹಾಸನದ ಸಗಟು ವ್ಯಾಪಾರಿ ಖಡಾಖಂಡಿತ ಹೇಳಿ ಹೋಗಿದ್ದರು: “ಶೆಟ್ರೇ, ಹೋದ ಮಳೆಗಾಲದಲ್ಲಿ ನಿಮ್ಮ ಕೊಡೆ ಗಾಳಿಗೆ ಹಾರಿಹೋಯ್ತು, ಗಿರಾಕಿ ಕೈಯಲ್ಲಿ ಹಿಡಿ ಮಾತ್ರ ಉಳೀತು. ಈ ಸಲ ಮಳೆಗೆ ಮೊದಲು ನಾನೇ ಬಂದು ನೋಡ್ತೀನಿ. ಒಂದು ಹಿಡಿ ಕಳಚಿದ್ರೂ ನಮ್ಮ ವ್ಯವಹಾರ ಮುಗೀತು.” ನಮ್ಮ ಅರ್ಧ ಮಾಲು ಹೋಗುತ್ತಿದ್ದದ್ದೇ ಅವರಿಗೆ. ಅವರು ಕೈಬಿಟ್ಟರೆ ಫ್ಯಾಕ್ಟರಿಗೆ ಬೀಗ.

ಹಾಗಾಗಿ ಪಾಲಿಟೆಕ್ನಿಕ್ಕಿನ ಒಬ್ಬ ಮಾಸ್ಟ್ರನ್ನು ಹಿಡಿದೆ. ಅರ್ಚಕರ ಮನೆಯವರು, ಮದ್ರಾಸಿಗೆ ಹೋಗಿ ಜಪಾನಿನವರ ಕೆಲಸದ ಕ್ರಮ ಕಲಿತು ಬಂದಿದ್ದರು.

ಪ್ರತಿಯೊಂದಕ್ಕೂ ಒಂದು ಜಾಗ

ಮಾಸ್ಟ್ರು ಮೊದಲ ದಿನವೇ ಗೋಡೆಗೆ ಹಲಗೆ ಹೊಡೆಸಿ, ಕತ್ತರಿ, ಇಕ್ಕಳ, ಸುತ್ತಿಗೆಗಳನ್ನು ತೂಗುಹಾಕಿ, ಒಂದೊಂದರ ಸುತ್ತಲೂ ಬಿಳಿ ಪೈಂಟಿನಲ್ಲಿ ಗೆರೆ ಎಳೆದರು. ಯಾವುದು ಕಾಣೆಯಾದರೂ ಅದರ ಖಾಲಿ ಆಕಾರ ಕೂಗಿ ಹೇಳುತ್ತದೆ. ಕತ್ತರಿ ಹುಡುಕುವುದೇ ಅರ್ಧ ದಿನದ ಕೆಲಸವಾಗಿದ್ದ ಜಾಗದಲ್ಲಿ ಹುಡುಕಾಟವೇ ನಿಂತುಹೋಯಿತು. ನಾನು ಬೆರಗಾದೆ.

ಹಿಡಿ ಅಂಟಿಸುವ ಮೇಜಿನ ಹಿರಿಯಳನ್ನು ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು. ಆಕೆಗೆ ಈ ಕ್ರಮ ತಲೆಗೇ ಏರಿತು. ಪೊರಕೆಗೆ ಗೆರೆ, ಚಾ ಪಾತ್ರೆಗೆ ಗೆರೆ, ಬಾಗಿಲಲ್ಲಿ ನನ್ನ ಚಪ್ಪಲಿಗೂ ಗೆರೆ! ಒಮ್ಮೆ ನನ್ನ ಭಾವ ಬಂದು ತನ್ನ ಚಪ್ಪಲಿಯನ್ನು ಅದರೊಳಗೆ ಬಿಟ್ಟ. ಅಕ್ಕ ಅದನ್ನು ಎತ್ತಿ ಬಿಸಿಲಿಗಿಟ್ಟಳು.

“ಅದು ಎಂತ ಮಾಡುವುದು ನೀನು?” ಎಂದ ಭಾವ.

“ಅಳತೆ ಹೊಂದುವುದಿಲ್ಲ, ಅಣ್ಣೇರೆ. ಅದು ಧನಿಗಳ ಜಾಗ.”

ಇಪ್ಪತ್ತು ವರ್ಷದಿಂದ ಈ ಮಾತನ್ನು ಭಾವನಿಗೆ ಹೇಳಬೇಕೆಂದು ನಾನು ಕಾಯುತ್ತಿದ್ದೆ.

ಸಲಹೆ ಪೆಟ್ಟಿಗೆ

“ಕೆಲಸದವರ ಸಲಹೆ ಕೇಳ್ಬೇಕು, ಧನಿಗಳೇ. ಒಂದು ಪೆಟ್ಟಿಗೆ ಇಡಿ” ಎಂದರು ಮಾಸ್ಟ್ರು. ಬೀಗ ಹಾಕಿದ, ಚೀಟಿ ಹಾಕಲು ಮೇಲೆ ಸೀಳು ಇರುವ ತಗಡಿನ ಪೆಟ್ಟಿಗೆ ತಂದೆ. ಗೋಡೆಯಲ್ಲಿ ಮೊಳೆ ಇದ್ದದ್ದು ದೇವರ ಪಟದ ಕೆಳಗೆ, ಅಲ್ಲೇ ತೂಗುಹಾಕಿದೆ.

ವಾರ ಕಳೆದು ತೆರೆದರೆ ಒಂದು ಚೀಟಿಯೂ ಇಲ್ಲ. ಒಳಗೆಲ್ಲ ಚಿಲ್ಲರೆ! ಹೆಂಗಸರು ಬೆಳಿಗ್ಗೆ ಬಂದು ಕೈಮುಗಿದು ಕಾಣಿಕೆ ಹಾಕಿದ್ದರು. ಅಂಚೆಯವನೂ ಹಾಕಿದ್ದನಂತೆ.

ನಾನು ತಲೆ ಕೆರೆದುಕೊಂಡೆ. ಮಾಸ್ಟ್ರು ಆ ಚಿಲ್ಲರೆಯಲ್ಲಿ ಎಲ್ಲರಿಗೂ ಬಿಸಿ ಗೋಳಿಬಜೆ ತರಿಸಿದರು. ಗೋಳಿಬಜೆ ತಿನ್ನುತ್ತಾ ಬಾಯಿ ಬಿಡದವರು ಈ ಊರಿನಲ್ಲಿ ಉಂಟೇ? ಬಟ್ಟೆ ಕತ್ತರಿಸುವ ಮೇಜು ಎತ್ತರ ಆಯ್ತು, ಕಡ್ಡಿಯ ಕಟ್ಟು ಬಾಗಿಲಿಗೆ ಅಡ್ಡ ಉಂಟು ಎಂದು ಸಲಹೆಗಳ ಮಳೆ!

“ಅಲ್ಲ ಮಾಸ್ಟ್ರೇ, ಕಾಣಿಕೆ ದುಡ್ಡಲ್ಲಿ ಗೋಳಿಬಜೆಯಾ?” ಎಂದೆ.

“ಕಾಣಿಕೆಯನ್ನು ಹೇಗೆ ಖರ್ಚು ಮಾಡುವುದೆಂದು ನನಗೆ ಹೇಳಿಕೊಡ್ಬೇಡಿ, ಧನಿಗಳೇ. ನಮ್ಮದು ಅರ್ಚಕರ ಮನೆ.”

ಐದು ಎಂತಕ್ಕೆ

ಇಷ್ಟಾದರೂ ಹಿಡಿ ಮಾತ್ರ ಕಳಚುತ್ತಲೇ ಇತ್ತು. ಹಾಸನದವರು ಬರುವ ದಿನ ಹತ್ತಿರವಾಗುತ್ತಿತ್ತು. ಮಾಸ್ಟ್ರು ಎಲ್ಲರನ್ನೂ ಕೂರಿಸಿದರು. “ಐದು ಸಲ ‘ಎಂತಕ್ಕೆ’ ಅಂತ ಕೇಳಿದರೆ ಬೇರು ಸಿಗ್ತದೆ. ಹಿಡಿ ಎಂತಕ್ಕೆ ಕಳಚುವುದು?”

“ಅಂಟು ಒಣಗಿರುವುದಿಲ್ಲ” ಎಂದಳು ಅಕ್ಕ.

“ಎಂತಕ್ಕೆ?”

“ಬೆಳಿಗ್ಗೆ ಅಂಟಿಸಿದ್ದನ್ನು ಮಧ್ಯಾಹ್ನವೇ ಕಟ್ಟಿಬಿಡ್ತೇವೆ.”

“ಎಂತಕ್ಕೆ?”

“ಹರಡಿ ಒಣಗಿಸ್ಲಿಕ್ಕೆ ಜಾಗ ಇಲ್ಲ.”

“ಕಿಟಕಿ ಹತ್ರ, ಒಳ್ಳೆ ಗಾಳಿಗೆ ಅಷ್ಟು ಉದ್ದದ ಬೆಂಚು ಉಂಟಲ್ಲ! ಅದರ ಮೇಲೆ ಎಂತಕ್ಕೆ ಇಡುವುದಿಲ್ಲ?”

“ಮಧ್ಯಾಹ್ನ ಅದು ಖಾಲಿ ಇರುವುದಿಲ್ಲ.”

“ಎಂತಕ್ಕೆ?”

ಅಕ್ಕ ಮಾಡಿನ ಶೀಟು ನೋಡುತ್ತಾ ಹೇಳಿದಳು: “ಮಾಸ್ಟ್ರೇ, ಐದನೆಯದ್ದನ್ನು ಧನಿಗಳ ಹತ್ರವೇ ಕೇಳಿ.”

ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ ಉಂಡವನು ಆ ಕಿಟಕಿಯ ಗಾಳಿ ಬಿಟ್ಟು ಬೇರೆಲ್ಲಿ ಮಲಗುವುದು, ನೀವೇ ಹೇಳಿ! ಬೆಂಚು ಬಿಟ್ಟುಕೊಡಲು ನನಗೆ ಒಂದು ವಾರ ಬೇಕಾಯಿತು.

ಹಾಸನದವರು ಬಂದರು

ಬಂದವರೇ ಕೊಡೆಗಳನ್ನು ಎಳೆದರು, ತಿರುಚಿದರು, ಒಂದರ ಹಿಡಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಜೋತುಬಿದ್ದರು. ಸರಳು ಬಗ್ಗಿತು, ಹಿಡಿ ಕಳಚಲಿಲ್ಲ. “ಪೂರಾ ಮಾಲು ಕಳಿಸಿ ಶೆಟ್ರೇ” ಎಂದರು. ಮಾಸ್ಟ್ರ ಕಾಲು ಹಿಡಿಯುವುದೊಂದು ಬಾಕಿ ನನಗೆ.

ಹೊರಡುವಾಗ ಹಿಂಬದಿಯ ಗಾಳಿಯಾಡದ ಗೋದಾಮಿನೊಳಗೆ ಇಣುಕಿದವರು ಹಾವು ತುಳಿದವರಂತೆ ಹಿಂದೆ ಹಾರಿದರು. ನೆಲದ ಮೇಲೆ, ಮಗ್ಗುಲಾಗಿ ಬಿದ್ದ ಒಬ್ಬ ದಪ್ಪ ಮನುಷ್ಯನ ಬಿಳಿ ಗೆರೆ!

“ಇಲ್ಲಿ ಯಾರಾದ್ರೂ ತೀರಿಕೊಂಡ್ರಾ ಶೆಟ್ರೇ? ಪೊಲೀಸ್ ಕೇಸಾ?”

ನಾನೂ ಅದನ್ನು ನೋಡಿದ್ದು ಅದೇ ಮೊದಲು. ಅಕ್ಕ ಮುಂದೆ ಬಂದಳು. “ಇಲ್ಲ ಸ್ವಾಮಿ. ಧನಿಗಳ ಬೆಂಚು ಹೋಯ್ತಲ್ಲ, ಇದು ಅವರ ಜಾಗ. ಪ್ರತಿಯೊಂದಕ್ಕೂ ಒಂದು ಜಾಗ ಬೇಕಂತೆ, ಮಾಸ್ಟ್ರು ಹೇಳಿದ್ದು.”

ಅವರು ನಗುತ್ತಾ ಹೋದ ಮೇಲೆ ಮೆಲ್ಲನೆ ಚಾಪೆ ಹಾಕಿ ಮಲಗಿ ನೋಡಿದೆ. ತಲೆ ಸರಿ, ಮೊಣಕಾಲು ಸರಿ. ಹೊಟ್ಟೆಯ ಹತ್ತಿರ ಮಾತ್ರ ಎರಡು ಗೆರೆ.

“ಅಳತೆ ಯಾವಾಗ ತೆಗೆದದ್ದು ಮಾರಾಯ್ತಿ?”

“ಬೆಂಚು ಬಿಡ್ಲಿಕ್ಕೆ ಒಂದು ವಾರ ತೆಗೊಂಡ್ರಲ್ಲ, ಆಗ. ನೂಲು ಹಿಡಿದು.”

“ಹೊಟ್ಟೆಗೆ ಎರಡು ಗೆರೆ ಎಂತಕ್ಕೆ?”

“ಒಳಗಿನದ್ದು ನೀವು ಮೀನು ತಿನ್ನದ ಸೋಮವಾರದ್ದು, ಧನಿಗಳೇ. ಹೊರಗಿನದ್ದು ಉಳಿದ ದಿನಗಳದ್ದು.”