ಗಿಡದ ಬುಡಕ್ಕೆ ಕೂತ ಆನೆ

ಸಿನಿಮಾ ನೋಡಿ ಬಂದವರನ್ನು ‘ಹ್ಯಾಂಗಿತ್ತು?’ ಎಂದು ಕೇಳುವುದು ನಮ್ಮ ಕಡೆಯ ಮರ್ಯಾದೆ, ಮದುವೆ ಊಟ ಮಾಡಿ ಬಂದವರನ್ನು ‘ಏನೇನ ಮಾಡಿದ್ರು?’ ಎಂದು ಕೇಳುವ ಹಾಗೆ. ಊಟದ ಪ್ರಶ್ನೆಗೆ ನಾನು ಎದೆ ತಟ್ಟಿ ಉತ್ತರ ಕೊಡಬಲ್ಲೆ. ಬದನೆಕಾಯಿಗೆ ಗುರೆಳ್ಳು ಪುಡಿ ಕಡಿಮೆ ಬಿದ್ದಿತ್ತೋ, ಹೋಳಿಗೆಯ ಹೂರಣ ಗಂಟು ಗಂಟಾಗಿತ್ತೋ, ಎಲ್ಲ ಹೇಳುತ್ತೇನೆ. ಸಿನಿಮಾದ ಪ್ರಶ್ನೆ ಬಂದರೆ ಮಾತ್ರ ನಾಲಿಗೆ ಒಣಗುತ್ತದೆ. ಆದರೂ ಈಗ ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಆನೆಗಳ ಒಂದು ಕಾರ್ಟೂನ್ ಸಿನಿಮಾದ ಎರಡನೆಯ ಭಾಗದ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತಾಡುತ್ತಿರುವಾಗ, ಅದನ್ನು ಬಾಯಿ ತುಂಬ ಹೊಗಳುತ್ತಿರುವವಳು ನಾನೊಬ್ಬಳೇ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಿಕೆಟ್ ತೆಗೆಸಿ, ಒಳಗೆ ಹೋಗಿ, ಕೊನೆಯವರೆಗೂ ಕುರ್ಚಿಯಲ್ಲಿ ಕೂತಿದ್ದರೂ ನಾನು ಆ ಸಿನಿಮಾ ನೋಡಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಬಚ್ಚಲಮನೆ. ಹೋದ ವರ್ಷ ನಮ್ಮ ಅತ್ತೆ ಅಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಸತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ದೇವರು ದೊಡ್ಡವನು, ಎಲುಬು ಚೆನ್ನಾಗಿ ಕೂಡಿತು. ಎಡಗಾಲಿಗೆ ಆಗಿದ್ದರಿಂದ ಬಲಗಾಲು ಉಳಿಯಿತಲ್ಲ ಎಂದು ನಾನು ಆಗಲೇ ಮಾರುತಿಗೆ ಒಂದು ಸಲ ಕೈ ಮುಗಿದಿದ್ದೆ. ಡಾಕ್ಟರು ‘ಅಜ್ಜಿಯವರ, ಇನ್ನ ಅಡ್ಡಾಡ್ರಿ’ ಎಂದು ಹೇಳಿ ಕಳಿಸಿದರು. ಅತ್ತೆ ಅಡ್ಡಾಡಿದರು, ಆದರೆ ತಮ್ಮ ಕೋಣೆಯಿಂದ ದೇವರ ಮನೆಗೆ, ದೇವರ ಮನೆಯಿಂದ ತಮ್ಮ ಕೋಣೆಗೆ. ಹೊಸ್ತಿಲು ಮಾತ್ರ ದಾಟಲಿಲ್ಲ. ಓಣಿಯ ಕೊನೆಯಲ್ಲಿಯೇ ಮಾರುತಿ ಗುಡಿ. ಮೊದಲೆಲ್ಲ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಹೋಗಿ ಬರುತ್ತಿದ್ದವರು. ಈಗ ಕರೆದರೆ ‘ಮಾರುತಿಗೆ ನನ್ನ ಮನಿ ಗೊತ್ತೈತಿ. ಆಂವಗ ಬೇಕಾದ್ರ ಬರತಾನ’ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಮತ್ತೆ ಬೀಳುವ ಅಂಜಿಕೆ ಒಂದು, ಬಿದ್ದದ್ದನ್ನು ಓಣಿ ನೋಡೀತು ಎನ್ನುವ ಅಂಜಿಕೆ ಇನ್ನೊಂದು. ದಿನ ಹೋದಂತೆ ಮಾತೂ ಕಡಿಮೆಯಾಯಿತು. ನನ್ನ ಸಾರಿಗೆ ಹೆಸರಿಟ್ಟು ತಪ್ಪು ಹುಡುಕುವುದನ್ನೂ ಬಿಟ್ಟರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಬೇರೆ ದಾರಿ ಕಾಣದೆ ಹರಕೆ ಹೊತ್ತೆ. ಅತ್ತೆ ತಮ್ಮ ಕಾಲಿನಿಂದ ನಡೆದು ಗುಡಿಗೆ ಬರುವವರೆಗೂ ಚಹಾ ಮುಟ್ಟುವುದಿಲ್ಲ ಎಂದೆ. ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಇದು ಎಂಥ ಹರಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಂಗಾರ ಕೊಡುತ್ತೇನೆ ಅಂದಿದ್ದರೆ ಮಾರುತಿ ಸ್ವಲ್ಪ ದಿನ ಕಾಯುತ್ತಿದ್ದ, ಚಹಾಕ್ಕೆ ಕಾಯುವವಳು ನಾನು. ಕೇಳಿದವರಿಗೆಲ್ಲ ಪಿತ್ತ ಎಂದು ಸುಳ್ಳು ಹೇಳಿದೆ. ನಮ್ಮನೆಯವರು ಮಾತ್ರ ‘ಚಾ ಬಿಟ್ಟಿ ಅಂತ ಖುಷಿ ಆಗಿತ್ತು. ಅದರ ಬದಲಿ ಸಿಟ್ಟು ಹಿಡದಿಯಲ್ಲ’ ಎಂದರು. ಅವರಿಗೂ ಉತ್ತರ ಕೊಡಲಿಲ್ಲ. ಹರಕೆಯನ್ನು ಬಾಯಿ ಬಿಟ್ಟು ಹೇಳಿದರೆ ಫಲ ಸೋರಿಹೋಗುತ್ತದೆ ಎಂದು ನನ್ನ ನಂಬಿಕೆ.

ಇನ್ನು ಆನೆಯ ವಿಷಯ. ಅತ್ತೆ ಹಾಸಿಗೆ ಹಿಡಿದಿದ್ದಾಗ ಐದನೇ ಕ್ಲಾಸಿನ ನನ್ನ ಮಗಳು ಅನು ಪಕ್ಕದಲ್ಲಿ ಕೂತು ಫೋನಿನಲ್ಲಿ ಆ ಸಿನಿಮಾದ ಮೊದಲ ಭಾಗ ತೋರಿಸುತ್ತಿದ್ದಳು. ಒಂದು ಆನೆಯ ಕುಟುಂಬ, ಕಾಡಿನಲ್ಲಿ ನೆರೆ, ದಾರಿ ತಪ್ಪಿದ ಮರಿಗಳು. ಕೊನೆಗೆ ಮನೆಯ ಹಿರಿಯಳಾದ ಅಜ್ಜಿ ಆನೆ ಹಳೆಯ ಗುಡ್ಡದ ದಾರಿ ನೆನಪು ಮಾಡಿಕೊಂಡು ಎಲ್ಲರನ್ನೂ ದಾಟಿಸುತ್ತಾಳೆ. ಅತ್ತೆ ಮೊದಲ ಸಲ ಆನೆ ಕಂಡೊಡನೆ ಗಣಪ್ಪನೆಂದು ಕೈ ಮುಗಿದರು. ಕಥೆ ಮುಗಿದಾಗ ಪುರಾಣದ ಪುಸ್ತಕವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಫೋನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅದನ್ನು ಎಷ್ಟು ಸಲ ನೋಡಿದರೋ, ನನಗೆ ಅಡುಗೆಮನೆಯಲ್ಲಿ ಕೂತೇ ಮಾತುಗಳು ಬಾಯಿಪಾಠ ಆಗಿದ್ದವು.

ಎರಡನೆಯ ಭಾಗ ಬಂತು. ಅನು ಸಾಲೆಯಿಂದ ಓಡಿ ಬಂದು ‘ಅಜ್ಜಿ, ಥಿಯೇಟರಿಗೆ ಹೋಗೂಣು ಬಾ’ ಎಂದಳು.

‘ಮಂಗಳ ಹಾಡಿದ ಮ್ಯಾಲೆ ಮತ್ತೇನ ಕಥಿ? ಆರತಿ ಆಗೇತಿ, ಪ್ರಸಾದ ಹಂಚ್ಯಾರ. ಇನ್ನ ಶುರು ಮಾಡಿದ್ರ ಯಾರ ಕೇಳಬೇಕು?’ ಎಂದರು ಅತ್ತೆ.

ಮಾತು ಖರೆಯೇ. ನಮ್ಮ ಭಜನಾ ಮಂಡಳಿಯಲ್ಲೂ ಮಂಗಳಾರತಿ ಆದ ಮೇಲೆ ಯಾರಾದರೂ ‘ಇನ್ನೊಂದು ಹಾಡು’ ಎಂದರೆ ಎಲ್ಲರೂ ಚಪ್ಪಲಿ ಹುಡುಕತೊಡಗುತ್ತಾರೆ. ಆದರೆ ಅನು ನನ್ನ ಮಗಳು. ಮೆಲ್ಲಗೆ ‘ಅಜ್ಜಿ ಆನಿ ಈ ಸಲ ಸಾಯತಾಳಂತ ನನ್ನ ಗೆಳತಿ ಅಂದ್ಲು. ಖರೇನೋ ಸುಳ್ಳೋ’ ಎಂದಳು. ಅತ್ತೆ ಮಂಚದ ಮೇಲೆ ಎದ್ದು ಕೂತರು. ‘ಏನಂದಿ? ಅಷ್ಟ ಗಟ್ಟಿ ಇದ್ದಾಕಿ? ಅದ್ಹೆಂಗ ಸಾಯತಾಳ?’ ಭಾನುವಾರ ಅವರೇ ಇಳಕಲ್ ಸೀರೆ ಉಟ್ಟು, ಕೋಲು ಹಿಡಿದು, ಬಾಗಿಲಲ್ಲಿ ನಿಂತಿದ್ದರು. ಹೊಸ್ತಿಲು ದಾಟಿದರು! ನಾನು ಸಂತೋಷದಿಂದ ಮಾರುತಿಯನ್ನು ನೆನೆದೆ. ತಕ್ಷಣವೇ ಇನ್ನೊಂದು ವಿಚಾರ ಬಂತು: ನಾನು ಹೊತ್ತದ್ದು ಗುಡಿಗೆ ನಡೆದು ಬರಲಿ ಎಂದು. ಇವರು ಆಟೋದಲ್ಲಿ ಸಿನಿಮಾಕ್ಕೆ ಹೊರಟಿದ್ದಾರೆ. ಇದು ಲೆಕ್ಕಕ್ಕಿಲ್ಲ. ಚಹಾ ಇಲ್ಲ.

ನಮ್ಮ ಓಣಿಯ ದಸ್ತಗೀರನ ಆಟೋದಲ್ಲಿ ಗೋಕುಲ ರಸ್ತೆಯ ಥಿಯೇಟರಿಗೆ ಹೋದೆವು. ಒಳಗೆ ಕತ್ತಲಾದ ಮೇಲೆ ಎಲ್ಲರೂ ಪರದೆ ನೋಡಿದರು, ನಾನು ಅತ್ತೆಯನ್ನು ನೋಡಿದೆ. ಎಸಿ ಗಾಳಿಗೆ ಕಾಲು ಹಿಡಿದುಕೊಂಡೀತೇ, ಶಾಲು ಜಾರಿತೇ, ಕೋಲು ಯಾರ ಕಾಲಿಗಾದರೂ ಸಿಕ್ಕೀತೇ, ಬಚ್ಚಲಿಗೆ ಹೋಗಬೇಕೇ. ತಮ್ಮ ಕನ್ನಡಕದ ಮೇಲೆ ಥಿಯೇಟರಿನವರು ಕೊಟ್ಟ ತ್ರೀಡಿ ಕಪ್ಪು ಕನ್ನಡಕ ಏರಿಸಿಕೊಂಡು ಅತ್ತೆ ನೆಟ್ಟಗೆ ಕೂತಿದ್ದರು. ಪರದೆಯ ಬೆಳಕು ಅವರ ಮುಖದ ಮೇಲೆ ಹಸಿರಾಗಿ ಕೆಂಪಾಗಿ ಹೊಳೆಯುತ್ತಿತ್ತು. ಮೊದಮೊದಲು ನಗುತ್ತಿದ್ದ ಆ ಮುಖ ಬರಬರುತ್ತ ಬಿಗಿಯಿತು. ತುಟಿ ಮುಂದಕ್ಕೆ ಬಂತು. ಹಿಂದೆ ನನ್ನ ಸಾರು ನೀರಾದಾಗ ಕಾಣುತ್ತಿದ್ದ ಮುಖ ಅದು. ಎಷ್ಟೋ ದಿನಗಳ ಮೇಲೆ ಕಂಡಿದ್ದೆ. ಹಳೆಯ ನೆಂಟರು ಸಿಕ್ಕಷ್ಟು ಸಮಾಧಾನವಾಯಿತು.

ಮನೆಗೆ ಮರಳುವಾಗ ಆಟೋದಲ್ಲಿ ಪಂಚಾಯಿತಿ ಶುರುವಾಯಿತು. ‘ಫಸ್ಟ್ ಪಾರ್ಟೇ ಛಲೋ ಇತ್ತು. ಆದ್ರ ಇದರಾಗಿನ ಮಂಗ್ಯಾ ಮಸ್ತ್’ ಎಂದಳು ಅನು. ಇಂಟರ್‌ವಲ್ ಆದ ಮೇಲೆ ನಿದ್ದೆ ಹೋಗಿದ್ದ ನಮ್ಮನೆಯವರು ‘ಚಿತ್ರಾ ಭಾಳ ಛಂದ ತಗದಾರ, ಕಥೀನ ಇಲ್ಲ’ ಎಂದು ತೀರ್ಪು ಕೊಟ್ಟರು. ಮುಂದಿನಿಂದ ದಸ್ತಗೀರ ‘ನಾವೂ ನಿನ್ನೆ ನೋಡಿದ್ವಿರಿ. ಹುಡುಗ್ರು ನಕ್ಕು ನಕ್ಕು ಸಾಕಾದ್ರು, ಮನ್ಯಾಕಿ ಅತ್ಲು. ನಾ ನಗಬೇಕೋ ಅಳಬೇಕೋ ತಿಳೀಲಿಲ್ಲರಿ’ ಎಂದ.

‘ಅಜ್ಜಿ, ನಿನಗ ಹ್ಯಾಂಗನಿಸ್ತು? ಸಾಯಲಿಲ್ಲಲ್ಲ?’ ಎಂದು ಅನು ಕೆಣಕಿದಳು.

‘ಸತ್ತಿದ್ರ ಛಲೋ ಇತ್ತು!’ ಅತ್ತೆ ಸಿಡಿದರು. ‘ಅಷ್ಟು ಮಂದೀನ ಗುಡ್ಡಾ ದಾಟಿಸಿದಾಕೀನ ತಂದು ಗಿಡದ ಬುಡಕ ಕುಂದ್ರಸ್ಯಾರಲ್ಲ! ಶುರುವಿಂದ ಕಡೀತನಕಾ ಕುಂತs ಇದ್ಲು. ಬಂದವರಿಗೆ ಸೊಂಡಿ ಎತ್ತಿ ಆಶೀರ್ವಾದ ಮಾಡೂದು, ಮತ್ತ ಕುಂದ್ರೂದು. ಆಕಿ ಕಾಲಿಗೆ ಏನಾಗಿತ್ತು? ಆಕಿಗರೇ ಬುದ್ಧಿ ಬ್ಯಾಡಾ, ಏಳಾಕ?’

ದಸ್ತಗೀರ ಓಣಿ ಮುಟ್ಟುವವರೆಗೂ ಹಾರ್ನ್ ಹೊಡೆಯಲಿಲ್ಲ. ಅತ್ತೆ ಹೊರಗೆ ನೋಡುತ್ತ ಕೂತರು.

ಮರುದಿನ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದೆ. ಹಿಂದೆ ಕೋಲಿನ ಸಪ್ಪಳವಾಯಿತು. ಅತ್ತೆ ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ‘ಏನ ನೋಡ್ತಿ ಸುಮಿತ್ರಾ? ಚಪ್ಪಲ ಹಾಕ್ಕೋ, ಗುಡಿಗೆ ಹೋಗೂಣು. ನಾ ಏನ ಆ ಆನಿ ಅಲ್ಲ.’ ಅರ್ಧ ಹಾಕಿದ ರಂಗೋಲಿ ಬಿಟ್ಟು ಎದ್ದೆ. ಎರಡು ಕಡೆ ನಿಂತು ಸುಧಾರಿಸಿಕೊಂಡು, ಒಂದು ಸಲ ನನ್ನ ತೋಳು ಹಿಡಿದು, ಉಳಿದ ದಾರಿಯಲ್ಲಿ ನನ್ನನ್ನೇ ‘ಲಗೂ ನಡಿ’ ಎಂದು ಗದರಿಸುತ್ತ ಬಂದರು. ಮಾರುತಿಯ ಮುಂದೆ ನನಗೆ ಕಣ್ಣೀರು ಬಂತು. ಭಕ್ತಿಯ ಜೊತೆಗೆ ಅದರಲ್ಲಿ ಸ್ವಲ್ಪ ಶುಂಠಿ ಚಹಾದ ನೆನಪೂ ಇತ್ತು, ಅವನ ಮುಂದೆ ಸುಳ್ಳು ಯಾಕೆ?

ವಾಪಸು ಬರುವಾಗ ಅತ್ತೆ ‘ಇನ್ನ ಮನಿಗೆ ಹೋಗಿ ಚಾ ಕುಡಿ. ನಿನ್ನ ಮಾರಿ ನೋಡಾಕ ಆಗವಲ್ತು’ ಎಂದರು.

ನಾನು ಅಲ್ಲಿಯೇ ನಿಂತೆ. ‘ನಿಮಗ ಗೊತ್ತಿತ್ತೇನ್ರಿ ಅತ್ತಿ?’

‘ಚಾಪುಡಿ ಡಬ್ಬಿ ಇಳಿಯವಲ್ತು, ದಿನಾ ಚಾದ ಹೊತ್ತಿಗೆ ಸರಿಯಾಗಿ ಮಾರುತಿ ಫೋಟೋದ ಕಡೆ ನೋಡತಿದ್ದಿ. ತಿಳಿಯಾಕ ನಾ ಸಾಲಿ ಕಲೀಬೇಕೇನು?’

‘ಮತ್ತ ಆವಾಗ ಯಾಕ ಬರಲಿಲ್ರಿ?’

‘ಛಲೋ ಆತು! ಹರಕಿ ಹೊರಾಕಿ ನೀನು, ನಡಿಯಾಕಿ ನಾನು?’

ಈಗ ಅತ್ತೆ ದಿನಾ ಗುಡಿಗೆ ಹೋಗುತ್ತಾರೆ. ಸಂಜೆ ಮೂರು ಮನೆ ಮುಟ್ಟಿ ಬರುತ್ತಾರೆ, ಮೂರೂ ಕಡೆ ಆ ಸಿನಿಮಾವನ್ನು ಬಯ್ಯುತ್ತಾರೆ. ಸಾರಿಗೂ ಹೆಸರಿಡುತ್ತಾರೆ, ನಿನ್ನೆಯದು ಹುಳಿಯಾಗಿತ್ತಂತೆ. ಮೊನ್ನೆ ಪಕ್ಕದ ಮನೆಯ ಶಕುಂತಲಾಬಾಯಿ ಬಂದು ‘ಏನರೀ ಸುಮಿತ್ರಾ, ಎಲ್ಲಾರೂ ಸಪ್ಪಗಿತ್ತು ಅಂತಾರ, ನೀವೊಬ್ರs ಭಾಳ ಛಲೋ ಅಂತೀರಂತ. ಏನ ಛಲೋ ಐತಿ ಅದರಾಗ?’ ಎಂದು ಕೇಳಿದರು. ‘ಆ ಗಿಡದ ಬುಡಕ ಕೂತ ಆನಿ ನೋಡ್ರಿ, ಭಾಳ ಛಂದ ಮಾಡ್ಯಾರ’ ಎಂದೆ. ಒಳಗಿನಿಂದ ಅತ್ತೆಯ ಧ್ವನಿ ಬಂತು: ‘ಆಕೀನ ಏನ ಕೇಳತೀರಿ ಶಕುಂತಲಾ? ಸಿನಿಮಾ ಎಲ್ಲಿ ನೋಡ್ಯಾಳ ಆಕಿ? ದುಡ್ಡ ಕೊಟ್ಟು ಹೋಗಿ ನನ್ನ ಮಾರಿ ನೋಡಕೋತ ಕುಂತಿದ್ಲು.’

ನಾನು ತೆಪ್ಪಗೆ ಎದ್ದು ಚಹಾಕ್ಕೆ ಇಟ್ಟೆ. ಮೂರನೆಯ ಭಾಗವೂ ಬರುತ್ತದಂತೆ, ಅದರಲ್ಲಿ ಅಜ್ಜಿ ಆನೆಯೇ ಮುಂದಾಳಂತೆ, ಅನು ಎಲ್ಲಿಂದಲೋ ಸುದ್ದಿ ತಂದಿದ್ದಾಳೆ. ನನಗೆ ಒಳಗೊಳಗೇ ಭಯ. ಅದು ಚೆನ್ನಾಗಿ ಬಂದು, ಅತ್ತೆಯ ಸಿಟ್ಟು ಇಳಿದು, ತೃಪ್ತಿಯಿಂದ ಮತ್ತೆ ಮಂಚ ಹಿಡಿದು ಕೂತರೆ? ಪಾಪ, ಎಷ್ಟೋ ಜನ ಕಷ್ಟಪಟ್ಟು ಮಾಡುವ ಕೆಲಸ, ಹಾಗೆ ಬೇಡಬಾರದು. ಆದರೂ ಅದೂ ಸ್ವಲ್ಪ ಕೆಟ್ಟೇ ಬರಲಿ ಎಂದು ಮಾರುತಿಯ ಕಿವಿಗೆ ಹಾಕಿ ಬಂದಿದ್ದೇನೆ. ಹರಕೆ ಮಾತ್ರ ಹೊತ್ತಿಲ್ಲ.